ತಿದ್ದುವಾಗ ಕಳೆಯಬೇಕಾದ ಪದಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದ ಬರಹಗಳನ್ನು ಕಳುಹಿಸಿರೆಂದು ಪತ್ರಿಕೆ ಕೇಳಿದ ಮೇಲೆ ಶಿವಮೊಗ್ಗ ಜಿಲ್ಲೆಯಿಂದಲೂ ಸುತ್ತಲಿನ ಮಲೆನಾಡಿನ ಊರುಗಳಿಂದಲೂ ಲೇಖನಗಳು, ಕಥೆಗಳು ಬಂದಿವೆ. ಕೆಲವರು ಅವುಗಳ ಜೊತೆಗೆ ಈ ಅಂಕಣಕ್ಕೆಂದು ಪ್ರಶ್ನೆಗಳನ್ನೂ ಬರೆದು ಲಗತ್ತಿಸಿದ್ದಾರೆ. ಬರೆದದ್ದನ್ನು ತಿದ್ದಲು ಕುಳಿತಾಗ ಮತ್ತೆ ಮತ್ತೆ ಎದುರಾಗುವ ಸವಕಲು ಪದಗಳನ್ನು ಏನು ಮಾಡಬೇಕೆಂಬುದೇ ಹೆಚ್ಚಿನವರ ಪ್ರಶ್ನೆ. ಪತ್ರಗಳನ್ನು ಮೊಟಕುಗೊಳಿಸಿ, ಬರೆದವರ ಹೆಸರನ್ನು ಬಿಟ್ಟು, ಊರನ್ನು ಮಾತ್ರ ಉಳಿಸಿಕೊಂಡು ಉತ್ತರಿಸಿದ್ದೇನೆ.

ತೀರ್ಥಹಳ್ಳಿಯ ಶಿಕ್ಷಕಿಯೊಬ್ಬರ ಪ್ರಶ್ನೆ: ಆಗುಂಬೆಯ ಮಳೆಯನ್ನು ಕುರಿತ ನನ್ನ ಲೇಖನದಲ್ಲಿ ‘ತುಂಬಾ’ ಎಂಬ ಪದ ಪ್ಯಾರಾಕ್ಕೊಮ್ಮೆ ಬರುತ್ತದೆ ಎಂದು ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟರು. ಕೆಲವು ಕಡೆ ‘ಬಹಳ’ ಎಂದೂ ಕೆಲವು ಕಡೆ ‘ಅತ್ಯಂತ’ ಎಂದೂ ಬದಲಿಸಿದೆ. ಆದರೂ ಲೇಖನ ಸಪ್ಪೆಯೆನ್ನುತ್ತಾರೆ. ಇನ್ನೇನು ಮಾಡಲಿ?

ಉತ್ತರ: ಪದ ಬದಲಾದರೂ ಅದಕ್ಕೆ ನೀವು ಒಪ್ಪಿಸಿದ್ದ ಕೆಲಸ ಬದಲಾಗಿಲ್ಲ. ನಿಮ್ಮ ಲೇಖನದ ಆರಂಭ ಹೀಗಿದೆ: ‘ಆಗುಂಬೆಯಲ್ಲಿ ತುಂಬಾ ಮಳೆ ಸುರಿಯುತ್ತದೆ. ಇಲ್ಲಿನ ಮಳೆಗಾಲ ಅತ್ಯಂತ ದೀರ್ಘವಾದುದು. ಈ ದಿನಗಳಲ್ಲಿ ಜನಜೀವನ ಬಹಳ ಕಷ್ಟಕರವಾಗಿರುತ್ತದೆ.’ ಎಷ್ಟು ಮಳೆ, ಎಷ್ಟು ದೀರ್ಘ, ಎಂಥ ಕಷ್ಟ ಎಂದು ತೀರ್ಮಾನಿಸಬೇಕಾದವರು ನೀವು. ಆ ತೀರ್ಮಾನವನ್ನು ಮೂರು ಸಿದ್ಧ ಪದಗಳಿಗೆ ವಹಿಸಿ ಮುಂದೆ ಹೋಗಿದ್ದೀರಿ. ಚಳ್ಳಕೆರೆಯಲ್ಲಿ ಕುಳಿತು ಓದುವವರ ‘ತುಂಬಾ ಮಳೆ’ ಬೇರೆ, ಹೊಸನಗರದಲ್ಲಿ ಓದುವವರದು ಬೇರೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7000 ಮಿಲಿಮೀಟರಿಗಿಂತ ಹೆಚ್ಚು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ ಎಂದು ಬರೆದರೆ ಇಬ್ಬರೂ ಒಂದೇ ಮಳೆಯನ್ನು ಓದುತ್ತಾರೆ, ‘ತುಂಬಾ’ ಎಂಬುದಕ್ಕೆ ಅಲ್ಲಿ ಕೆಲಸವೇ ಉಳಿಯುವುದಿಲ್ಲ.

ಹಾಗೆಂದು ಎಲ್ಲ ಕಡೆಯೂ ಅಂಕಿ ಹಾಕಬೇಕಾಗಿಲ್ಲ. ‘ಬಹಳ ಕಷ್ಟಕರ’ ಎಂಬುದಕ್ಕೆ ಬೇಕಾದ ಉತ್ತರ ನಿಮ್ಮ ಲೇಖನದ ಎರಡನೆಯ ಪುಟದಲ್ಲೇ ಇದೆ. ಒಗೆದ ಬಟ್ಟೆಯನ್ನು ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಾರೆಂದೂ ತರಗತಿಯೊಳಗೆ ಕಾಲಿಟ್ಟರೆ ಮಕ್ಕಳ ಸಮವಸ್ತ್ರದಿಂದ ಹೊಗೆಯ ವಾಸನೆ ಬರುತ್ತದೆಂದೂ ಅಲ್ಲಿ ಬರೆದಿದ್ದೀರಿ. ಅದು ಪಾಠ ಮಾಡಲು ಒಳಗೆ ಹೋದವರಿಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ಮೇಲಕ್ಕೆ ತನ್ನಿ. ‘ಜನಜೀವನ’, ‘ಕಷ್ಟಕರ’, ‘ಬಹಳ’ ಮೂರನ್ನೂ ಒಟ್ಟಿಗೆ ತೆಗೆದುಹಾಕಬಹುದು. ‘ದಕ್ಷಿಣದ ಚಿರಾಪುಂಜಿ’ಯನ್ನೂ ದಯವಿಟ್ಟು ಬಿಡಿ. ಆಗುಂಬೆಯನ್ನು ಕುರಿತು ಬರೆದವರಲ್ಲಿ ಅದನ್ನು ಬಳಸದವರನ್ನು ಹುಡುಕುವುದೇ ಕಷ್ಟ.

ತಿದ್ದುವ ಕ್ರಮವನ್ನು ಕೇಳಿದ್ದರಿಂದ ಹೇಳುತ್ತೇನೆ. ಇಂಥ ಪದ ಕಂಡಾಗ ಅದಕ್ಕೆ ಬದಲಿ ಹುಡುಕಬೇಡಿ; ಮೊದಲು ಅದರ ಮೇಲೆ ಗೆರೆ ಎಳೆದು ವಾಕ್ಯವನ್ನು ಓದಿ. ಏನೂ ಕಳೆದುಹೋಗಿಲ್ಲವಾದರೆ ಮುಂದಕ್ಕೆ ನಡೆಯಿರಿ. ಹತ್ತರಲ್ಲಿ ಐದಾರು ಕಡೆ ಹೀಗೇ ಆಗುತ್ತದೆಂಬುದು ನನ್ನ ಅಂದಾಜು. ವಾಕ್ಯ ಬಡವಾದಂತೆ ಕಂಡರೆ, ಆ ಜಾಗದಲ್ಲಿ ನೀವು ಹೇಳಬೇಕೆಂದಿದ್ದು ಬೇರೇನೋ ಇದೆ, ಅದಿನ್ನೂ ಕಾಗದಕ್ಕೆ ಬಂದಿಲ್ಲ ಎಂದರ್ಥ. ಅದು ಸಿಗುವವರೆಗೆ ಜಾಗವನ್ನು ಖಾಲಿ ಬಿಡುವುದು ಒಳ್ಳೆಯದು. ‘ಬಹಳ’ ಹಾಕಿದ ಕೂಡಲೇ ಕೊರತೆ ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ.

ತಾಳಗುಪ್ಪದ ಓದುಗರೊಬ್ಬರ ಪ್ರಶ್ನೆ: ಸ್ಮರಣ ಸಂಚಿಕೆಯೊಂದಕ್ಕೆ ಜೋಗದ ಪರಿಚಯ ಬರೆದಿದ್ದೇನೆ. ಪ್ರತಿ ವಾಕ್ಯವೂ ‘ಆಗಿದೆ’, ‘ಹೊಂದಿದೆ’ ಎಂದೇ ಮುಗಿಯುತ್ತದೆ. ಬೇರೆ ಹೇಗೆ ಮುಗಿಸಬೇಕೆಂದು ತೋಚುತ್ತಿಲ್ಲ.

ಉತ್ತರ: ನೀವು ಕಳುಹಿಸಿದ ಭಾಗವನ್ನು ಮೊದಲು ಇಲ್ಲಿ ಕೊಡುತ್ತೇನೆ: ‘ಜೋಗ ಜಲಪಾತವು ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನಲ್ಲಿರುವ ಒಂದು ಪ್ರಸಿದ್ಧ ಪ್ರವಾಸಿ ತಾಣವಾಗಿದೆ. ಇದು 253 ಮೀಟರ್ ಎತ್ತರವನ್ನು ಹೊಂದಿದೆ. ಇದು ರಾಜಾ, ರಾಣಿ, ರೋರರ್ ಹಾಗೂ ರಾಕೆಟ್ ಎಂಬ ನಾಲ್ಕು ಕವಲುಗಳನ್ನು ಹೊಂದಿದ್ದು, ಭೋರ್ಗರೆಯುತ್ತಾ ಧುಮ್ಮಿಕ್ಕುವ ದೃಶ್ಯವು ಕಣ್ಮನ ಸೆಳೆಯುವಂತಹದ್ದಾಗಿದೆ.’

ಕನ್ನಡದಲ್ಲಿ ಇಂಥದು ಇಂಥದು ಎಂದು ಹೇಳುವುದಕ್ಕೆ ಕ್ರಿಯಾಪದವೇ ಬೇಕಾಗಿಲ್ಲ. ‘ಅವರ ಊರು ಸಾಗರ’, ‘ಇದು ನಮ್ಮ ತೋಟ’ ಎಂದು ದಿನವೂ ಆಡುತ್ತೇವೆ. ‘ಅವರ ಊರು ಸಾಗರವಾಗಿದೆ’ ಎಂದು ಮನೆಯಲ್ಲಿ ಯಾರೂ ಹೇಳುವುದಿಲ್ಲ. ಬರೆಯಲು ಕುಳಿತ ಕೂಡಲೇ ಅದು ಬರುವುದು ಪಠ್ಯಪುಸ್ತಕ, ಸುತ್ತೋಲೆ, ಫಲಕಗಳ ಅನುವಾದದ ಭಾಷೆಯನ್ನು ಓದಿ ಬೆಳೆದ ಅಭ್ಯಾಸದಿಂದ. ‘ಒಂದು ಪ್ರಸಿದ್ಧ ತಾಣ’ ಎಂಬಲ್ಲಿನ ‘ಒಂದು’ ಕೂಡ ಎಣಿಕೆಗಾಗಿ ಬಂದದ್ದಲ್ಲ, ಅದೇ ಅಭ್ಯಾಸದಿಂದ ಬಂದದ್ದು. ಎಣಿಸದಿದ್ದಾಗ ಅದನ್ನು ಕಳೆಯಿರಿ. ‘ಆಗಿದೆ’ಗೆ ತನ್ನದೇ ಆದ ಜಾಗವಿದೆ: ಏನೋ ನಡೆದು ಮುಗಿದಿದ್ದರೆ, ಒಂದು ಸ್ಥಿತಿ ಬದಲಾಗಿದ್ದರೆ ಅದು ಬೇಕೇ ಬೇಕು. ‘ಮದುವೆ ಆಗಿದೆ’, ‘ರಸ್ತೆ ಹಾಳಾಗಿದೆ’ ಎಂಬ ವಾಕ್ಯಗಳಿಂದ ಅದನ್ನು ಕಿತ್ತರೆ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಕಣ್ಣು ಮುಚ್ಚಿ ಅಳಿಸುವ ಪದವಲ್ಲ ಅದು.

‘ಹೊಂದಿದೆ’ ಎಂಬುದಕ್ಕೆ ಮದ್ದು ಇನ್ನೂ ಸುಲಭ. ಯಾವುದು ಏನನ್ನು ಮಾಡುತ್ತದೆ ಎಂದು ಕೇಳಿಕೊಂಡರೆ ಸರಿಯಾದ ಕ್ರಿಯಾಪದ ತಾನಾಗಿ ಸಿಗುತ್ತದೆ. ಜಲಪಾತಕ್ಕೆ ಎತ್ತರವನ್ನು ಹೊಂದುವ ಕೆಲಸವಿಲ್ಲ, ಬೀಳುವ ಕೆಲಸವಿದೆ, ಬೀಳುವುದು ನದಿ. ನಿಮ್ಮ ಮೂರು ವಾಕ್ಯಗಳಲ್ಲಿ ಆ ನದಿಯ ಹೆಸರೇ ಬಂದಿಲ್ಲ. ‘ಸಾಗರ ತಾಲ್ಲೂಕಿನ ಜೋಗದಲ್ಲಿ ಶರಾವತಿ ನದಿ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ 253 ಮೀಟರ್ ಕೆಳಕ್ಕೆ ಬೀಳುತ್ತದೆ’ ಎಂದರೆ ನೀವು ಹೇಳಿದ್ದೆಲ್ಲವೂ ಅದರಲ್ಲಿ ಬಂತು. ‘ಪ್ರಸಿದ್ಧ ಪ್ರವಾಸಿ ತಾಣ’ ಮಾತ್ರ ಉಳಿಯಿತು. ಜೋಗ ಪ್ರಸಿದ್ಧವೆಂದು ತಾಳಗುಪ್ಪದವರು ಯಾರಿಗೂ ತಿಳಿಸಬೇಕಾಗಿಲ್ಲ.

‘ಭೋರ್ಗರೆಯುತ್ತಾ’, ‘ಕಣ್ಮನ ಸೆಳೆಯುವ’ ಎಂಬ ವಿಶೇಷಣಗಳ ಮೇಲೆ ನನಗಿರುವ ತಕರಾರು ಅವು ಹಳೆಯವೆಂಬುದಲ್ಲ. ಅವು ಹೆಚ್ಚಿನ ದಿನ ಸುಳ್ಳು. ಜೋಗಕ್ಕಿಂತ ಮೇಲೆ, ಶರಾವತಿಗೆ ಅಡ್ಡಲಾಗಿ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಮೇಲೆ ಜಲಪಾತದ ನೀರು ಮಳೆಯನ್ನೂ ಜಲಾಶಯದಿಂದ ಬಿಡುವ ನೀರನ್ನೂ ಅವಲಂಬಿಸಿದೆ. ಬೇಸಿಗೆಯಲ್ಲಿ ಬಂಡೆಯ ಮೈಮೇಲೆ ಒಂದೆರಡು ತೆಳು ಎಳೆಗಳಷ್ಟೇ ಕಾಣುತ್ತವೆ. ನಿಮ್ಮ ಸ್ಮರಣ ಸಂಚಿಕೆ ಮಾರ್ಚ್‌ನಲ್ಲಿ ಹೊರಬಂದರೆ ಭೋರ್ಗರೆತವನ್ನು ಓದಿ ರೈಲು ಹತ್ತಿ ಬಂದವರು ಬಂಡೆ ನೋಡಿ ಹಿಂದಿರುಗಬೇಕಾಗುತ್ತದೆ. ತಿಂಗಳನ್ನು ಬರೆಯಿರಿ, ಆ ತಿಂಗಳಲ್ಲಿ ಕಾಣುವುದನ್ನು ಬರೆಯಿರಿ. ರೂಢಿಯ ವಿಶೇಷಣಕ್ಕೆ ತಿಂಗಳು ಗೊತ್ತಿರುವುದಿಲ್ಲ.

ಶಿವಮೊಗ್ಗದ ಯುವ ವರದಿಗಾರರೊಬ್ಬರ ಪ್ರಶ್ನೆ: ಸುದ್ದಿ ಬರೆಯುವಾಗ ‘ಹಿನ್ನೆಲೆಯಲ್ಲಿ’, ‘ನಿಟ್ಟಿನಲ್ಲಿ’, ‘ಕಾರ್ಯ’, ‘ಮಾಡಲಾಗಿದೆ’ ಎಂಬವು ಕೈ ತಡೆದರೂ ಬರುತ್ತವೆ. ಸಮಯದ ಒತ್ತಡವಿರುವಾಗ ಇವನ್ನು ಬಿಡುವುದು ಸಾಧ್ಯವೆ? ಬಿಡಲೇಬೇಕೆ?

ಉತ್ತರ: ನಾಲ್ಕರಲ್ಲಿ ಮೊದಲನೆಯದನ್ನು ಬಿಡಲೇಬೇಕು, ಏಕೆಂದರೆ ಅದು ಸುದ್ದಿಯನ್ನೇ ಮರೆಮಾಡುತ್ತದೆ. ‘ಮಳೆಯ ಹಿನ್ನೆಲೆಯಲ್ಲಿ ಶಾಲೆಗಳಿಗೆ ರಜೆ’ ಎಂಬ ಶೀರ್ಷಿಕೆಯನ್ನು ಜುಲೈನಲ್ಲಿ ವಾರಕ್ಕೊಮ್ಮೆಯಾದರೂ ಓದುತ್ತೇವೆ. ಮಳೆ ಈಗ ಸುರಿಯುತ್ತಿದೆ ಎಂದು ರಜೆಯೊ, ನಾಳೆ ಸುರಿಯಬಹುದೆಂಬ ಮುನ್ಸೂಚನೆ ಬಂದಿದ್ದರಿಂದ ರಜೆಯೊ, ನಿನ್ನೆ ಸುರಿದು ಹಳ್ಳ ದಾಟುವ ದಾರಿ ಮುಚ್ಚಿಹೋದದ್ದರಿಂದ ರಜೆಯೊ? ಬೆಳಿಗ್ಗೆ ಮಗುವಿನ ಚೀಲ ಹಿಡಿದು ನಿಂತ ತಾಯಿಗೆ ಈ ವ್ಯತ್ಯಾಸ ಬೇಕು. ‘ಇಂದ’, ‘ಮೇಲೆ’, ‘ಎಂದು’, ‘ಆದರೂ’ ಎಂಬ ಪುಟ್ಟ ಪದಗಳಲ್ಲಿ ಒಂದನ್ನು ಆರಿಸಬೇಕಾದರೆ ಕಾರಣವೇನೆಂದು ವರದಿಗಾರನಿಗೆ ಖಚಿತವಾಗಿ ಗೊತ್ತಿರಬೇಕಾಗುತ್ತದೆ. ‘ಹಿನ್ನೆಲೆಯಲ್ಲಿ’ ಎಂದರೆ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಅದು ಅಷ್ಟು ಜನಪ್ರಿಯವಾದದ್ದು ಈ ಸೌಕರ್ಯಕ್ಕಾಗಿಯೇ ಎಂದು ನನ್ನ ಗುಮಾನಿ.

‘ಮಾಡಲಾಗಿದೆ’ ಎಂಬುದರ ಕಥೆಯೂ ಇದೇ. ಮಾಡಿದವರು ಯಾರೆಂದು ಹೇಳದೆ ಪಾರಾಗುವ ದಾರಿ ಅದು. ಕಚೇರಿಯ ಪ್ರಕಟಣೆಯಲ್ಲಿ ಅದಕ್ಕೆ ಕಾರಣಗಳಿರಬಹುದು, ಸುದ್ದಿಯಲ್ಲಿ ಕರ್ತೃ ಬೇಕು. ಪ್ರಕಟಣೆಯನ್ನು ಹಾಗೆಯೇ ಸುದ್ದಿಗೆ ಇಳಿಸುವ ಅವಸರದಲ್ಲಿ ಇದು ನುಸುಳುತ್ತದೆ. ‘ಕಾರ್ಯ’ ಮತ್ತು ‘ನಿಟ್ಟಿನಲ್ಲಿ’ ಹಾನಿಯಿಲ್ಲದ ಹೊಟ್ಟು. ನೀವೇ ಉದಾಹರಿಸಿದ ವಾಕ್ಯ ನೋಡಿ: ‘ತುಂಗಾ ನದಿಯ ನೀರಿನ ಮಟ್ಟದಲ್ಲಿ ಏರಿಕೆಯಾದ ಹಿನ್ನೆಲೆಯಲ್ಲಿ ಗಾಜನೂರು ಜಲಾಶಯದಿಂದ ನೀರನ್ನು ಹೊರಬಿಡುವ ಕಾರ್ಯವನ್ನು ಮಾಡಲಾಗುತ್ತಿದೆ.’ ‘ತುಂಗೆಯ ನೀರು ಏರಿದ್ದರಿಂದ ಗಾಜನೂರು ಜಲಾಶಯದಿಂದ ನೀರು ಬಿಡುತ್ತಿದ್ದಾರೆ’ ಎಂದು ಬರೆಯಲು ಕಡಿಮೆ ಸಮಯ ಸಾಕು. ಒತ್ತಡದ ನೆಪ ಇಲ್ಲಿ ನಿಲ್ಲುವುದಿಲ್ಲ.

ಭದ್ರಾವತಿಯ ಪದವಿ ವಿದ್ಯಾರ್ಥಿಯ ಪ್ರಶ್ನೆ: ಬಳಸಲೇಬಾರದ ಕನ್ನಡ ಪದಗಳ ಪಟ್ಟಿಯೊಂದನ್ನು ಪ್ರಕಟಿಸುವಿರಾ?

ಉತ್ತರ: ಇಲ್ಲ. ಅಂಥ ಪದಗಳಿಲ್ಲ. ನಿಮ್ಮದೇ ನಾಲ್ಕೈದು ಬರಹಗಳನ್ನು ಒಟ್ಟಿಗೆ ಓದಿ, ಗುರುತು ಹಾಕಿ, ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಒಬ್ಬರ ದೌರ್ಬಲ್ಯ ‘ನಿಜಕ್ಕೂ’, ಮತ್ತೊಬ್ಬರದು ‘ಅಕ್ಷರಶಃ’, ಇನ್ನೊಬ್ಬರದು ಪ್ರತಿ ಪದದ ಕೊನೆಯಲ್ಲಿ ಒತ್ತಿಗಾಗಿ ಸೇರಿಸುವ ‘ಏ’ಕಾರ. ಬೇರೆಯವರ ಪಟ್ಟಿ ಹಿಡಿದು ಕುಳಿತರೆ ಅವರ ತಪ್ಪುಗಳಷ್ಟೇ ಸಿಗುತ್ತವೆ.

ಹೊಸನಗರದ ಕಥೆಗಾರ್ತಿಯೊಬ್ಬರ ಪ್ರಶ್ನೆ: ನನ್ನ ಕಥೆಗಳಲ್ಲಿ ‘ಹತ್ತತೊಡಗಿದ’, ‘ಹೋಗಿಬಿಟ್ಟ’, ‘ಅನಿಸಿತು’ ಎಂಬವು ವಿಪರೀತವೆಂದು ಸಂಪಾದಕರು ಕಥೆಯನ್ನು ಹಿಂದಿರುಗಿಸಿದ್ದಾರೆ. ಇವು ಸಹಜವಾದ ಕನ್ನಡ ರೂಪಗಳಲ್ಲವೆ?

ಉತ್ತರ: ಸಹಜವಾದ ರೂಪಗಳೇ. ಪದದೊಳಗೆ ಬೆರೆತುಹೋಗಿರುವುದರಿಂದಲೇ ಅವು ಅತಿಯಾದದ್ದು ಬರೆಯುವವರ ಕಣ್ಣಿಗೆ ಬೀಳುವುದಿಲ್ಲ. ‘ತುಂಬಾ’ ಎಂಬುದು ಒಂಟಿಯಾಗಿ ನಿಂತಿರುತ್ತದೆ, ಎಣಿಸಬಹುದು. ‘ಬಿಡು’, ‘ತೊಡಗು’, ‘ಕೊಳ್ಳು’, ‘ಹಾಕು’ ಎಂಬ ಸಹಾಯಕ ಕ್ರಿಯಾಪದಗಳು ಮುಖ್ಯ ಕ್ರಿಯಾಪದಕ್ಕೆ ಅಂಟಿಕೊಂಡು ಪ್ರತಿ ಸಲವೂ ಹೊಸ ಪದದಂತೆ ಕಾಣುತ್ತವೆ.

ಪ್ರತಿಯೊಂದಕ್ಕೂ ಅದರದೇ ಅರ್ಥವಿದೆ. ‘ಬಿದ್ದ’ ಎಂದರೆ ಬಿದ್ದ. ‘ಬಿದ್ದುಬಿಟ್ಟ’ ಎಂದರೆ ಎಣಿಸದೆ ಇದ್ದದ್ದು ನಡೆದುಹೋಯಿತು, ಇನ್ನು ಸರಿಪಡಿಸುವಂತಿಲ್ಲ ಎಂಬ ಧ್ವನಿ ಸೇರುತ್ತದೆ. ‘ಹತ್ತತೊಡಗಿದ’ ಎಂದರೆ ಹತ್ತುವುದು ಆರಂಭವಾಯಿತು, ನಡುವೆ ಏನೋ ಆಗಲಿದೆ ಎಂದು ಓದುಗರು ಕಾಯುತ್ತಾರೆ. ಏನೂ ಆಗದೆ ಅವನು ತುದಿಗೆ ತಲುಪಿದರೆ, ಕಾದವರಿಗೆ ಮೋಸವಾದಂತೆ. ‘ಅನಿಸಿತು’ ಎಂಬುದು ಪಾತ್ರಕ್ಕೂ ಅನುಭವಕ್ಕೂ ನಡುವೆ ಒಂದು ತೆರೆ ಎಳೆಯುತ್ತದೆ. ಪಾತ್ರಕ್ಕೆ ಅನುಮಾನವಿದ್ದಾಗ ಅದು ಬೇಕು, ಭಯವಾಗಿದ್ದೇ ನಿಜವಾದರೆ ಬೇಡ.

ನಿಮ್ಮ ಕಥೆಯಲ್ಲಿ ಅಡಿಕೆ ಕೊಯ್ಲಿನ ಭಾಗ (ಕೊನೆ ಎಂದರೆ ಅಡಿಕೆಯ ಗೊಂಚಲು, ಮರ ಹತ್ತಿ ಅದನ್ನು ಕೊಯ್ಯುವವನು ಕೊನೆಗಾರ) ಹೀಗಿದೆ: ‘ಕೊನೆಗಾರ ಮರ ಹತ್ತತೊಡಗಿದ. ಮೇಲೆ ಹೋಗಿ ಕೊನೆಯನ್ನು ಕಡಿದುಬಿಟ್ಟ. ಅದನ್ನು ಹಗ್ಗಕ್ಕೆ ಬಿಟ್ಟ. ಇದ್ದಕ್ಕಿದ್ದಂತೆ ಗಾಳಿ ಬೀಸತೊಡಗಿತು. ಕೆಳಗೆ ಹಗ್ಗ ಹಿಡಿದಿದ್ದ ಹುಡುಗನಿಗೆ ಭಯವಾಗುತ್ತಿರುವಂತೆ ಅನಿಸಿತು. ಅಷ್ಟರಲ್ಲಿ ಕೊನೆಗಾರ ಪಕ್ಕದ ಮರಕ್ಕೆ ದಾಟಿಬಿಟ್ಟ.’ ಇಲ್ಲಿ ಹುಡುಗನನ್ನು ಬೆಚ್ಚಿಬೀಳಿಸುವುದು ಕಟ್ಟಕಡೆಯ ಘಟನೆಯೊಂದೇ. ಕೊನೆ ಕಡಿಯುವುದು ಆ ಮನುಷ್ಯನಿಗೆ ನಿತ್ಯದ ಕೆಲಸ, ಅದರಲ್ಲಿ ಎಣಿಸದೆ ನಡೆದದ್ದೇನೂ ಇಲ್ಲ. ಆದ್ದರಿಂದ ‘ಬಿಟ್ಟ’ದ ಬಲವನ್ನು ಕಟ್ಟಕಡೆಯ ಜಿಗಿತಕ್ಕಾಗಿ ಉಳಿಸಿಕೊಳ್ಳಿ: ‘ಕೊನೆಗಾರ ಮರ ಹತ್ತಿದ. ಕೊನೆ ಕಡಿದು ಹಗ್ಗಕ್ಕೆ ಬಿಟ್ಟ. ಗಾಳಿ ಬೀಸಿತು. ಹಗ್ಗ ಹಿಡಿದಿದ್ದ ಹುಡುಗ ಹೆದರಿ ಮೇಲೆ ನೋಡುವಷ್ಟರಲ್ಲಿ ಅವನು ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟಿಬಿಟ್ಟಿದ್ದ.’ ‘ಹಗ್ಗಕ್ಕೆ ಬಿಟ್ಟ’ ಎಂಬಲ್ಲಿ ಬಿಡುವುದೇ ಮುಖ್ಯ ಕ್ರಿಯೆ, ಅದನ್ನು ಮುಟ್ಟಬೇಡಿ. ‘ಇದ್ದಕ್ಕಿದ್ದಂತೆ’ ಹೋದದ್ದಕ್ಕೆ ಕಾರಣವಿದೆ: ‘ಗಾಳಿ ಬೀಸಿತು’ ಎಂಬ ಎರಡೇ ಪದಗಳ ವಾಕ್ಯ ಅಲ್ಲಿ ಥಟ್ಟನೆ ಬಂದು ನಿಂತಾಗ ಆ ಹಠಾತ್ತು ಓದಿನಲ್ಲೇ ಆಗುತ್ತದೆ. ಅದನ್ನು ಹೆಸರಿಟ್ಟು ಕರೆದರೆ ಒಂದು ಕ್ಷಣ ತಡವಾಗುತ್ತದೆ.

ಸಂಪಾದಕರು ಹೇಳದ ಒಂದು ಮಾತನ್ನು ಸೇರಿಸುತ್ತೇನೆ. ತಿದ್ದಿದ ಮೇಲೆ ಗಟ್ಟಿಯಾಗಿ ಓದಿ ನೋಡಿ. ‘ಹತ್ತಿದ, ಕಡಿದ, ಬಿಟ್ಟ, ನೋಡಿದ’ ಎಂದು ಸಾಲಾಗಿ ಬಂದರೆ ಅದೂ ಕಿವಿಗೆ ಬಡಿಯುತ್ತದೆ. ಸಹಾಯಕ ಕ್ರಿಯಾಪದಗಳನ್ನು ತೆಗೆದಾಗ ವಾಕ್ಯಗಳು ತುಂಡಾಗುವುದರಿಂದ ಕೆಲವನ್ನು ‘ಕಡಿದು’, ‘ಹೆದರಿ’ ಎಂಬಂತೆ ಅಪೂರ್ಣ ಕ್ರಿಯೆಯಲ್ಲಿ ಹೆಣೆದು ಒಂದು ಉದ್ದನೆಯ ವಾಕ್ಯ ಮಾಡಬೇಕಾಗುತ್ತದೆ. ಕನ್ನಡ ವಾಕ್ಯಕ್ಕೆ ಈ ಹೆಣಿಗೆಯ ಶಕ್ತಿ ಹೇರಳವಾಗಿದೆ. ‘ಮತ್ತು’, ‘ಹಾಗೂ’, ‘ನಂತರ’ಗಳಲ್ಲಿ ಅರ್ಧಕ್ಕರ್ಧ ಇದರಿಂದಲೇ ಕರಗಿಹೋಗುತ್ತವೆ.

ಕೊಪ್ಪದ ಓದುಗರೊಬ್ಬರ ಪ್ರಶ್ನೆ: ಹೀಗೆ ಅತಿಯಾದ ಪದಗಳನ್ನು ಕಂಪ್ಯೂಟರಿನಲ್ಲೇ ಹುಡುಕಿ ಒಂದೇ ಏಟಿಗೆ ಅಳಿಸಬಹುದಲ್ಲ?

ಉತ್ತರ: ಹುಡುಕಿ, ಒಂದೇ ಏಟಿಗೆ ಅಳಿಸಬೇಡಿ. ‘ಸಹ’ ಎಂಬ ಪದವನ್ನು ಇಡೀ ಕಡತದಿಂದ ಅಳಿಸಲು ಆಜ್ಞೆ ಕೊಟ್ಟರೆ ‘ಸಹಜ’ದಲ್ಲಿ ‘ಜ’ ಉಳಿಯುತ್ತದೆ, ಅಡಿಕೆ ಬೆಳೆಗಾರರ ಸಹಕಾರಿ ಸಂಘ ಕಾರಿ ಸಂಘವಾಗುತ್ತದೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೆ ಅಂಟುವುದರಿಂದ ಪೂರ್ಣ ಪದಕ್ಕಿಂತ ಅದರ ಬೇರಿನ ಭಾಗವನ್ನು ಹುಡುಕುವುದು ಲೇಸು: ‘ಬಿಟ್ಟ’ ಎಂದು ಒಮ್ಮೆ, ‘ಬಿಡು’ ಎಂದು ಇನ್ನೊಮ್ಮೆ. ‘ತುಂಬ’ ಎಂದು ಹುಡುಕಿದರೆ ‘ತುಂಬಾ’, ‘ತುಂಬಾನೇ’ಗಳ ಜೊತೆ ತುಂಬಿದ ಕೆರೆಯೂ ಸಿಗಬಹುದು, ಅದನ್ನು ದಾಟಿ ಹೋಗಿ. ನಿಮ್ಮ ಲೇಖನ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ, ‘ನುಡಿ’ ಅಥವಾ ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿದ್ದರೆ ಪರದೆಯ ಮೇಲೆ ಕನ್ನಡ ಕಂಡರೂ ಒಳಗಿನ ಸಂಕೇತಗಳು ಬೇರೆ, ಹುಡುಕಾಟದಲ್ಲಿ ಏನೂ ಸಿಗುವುದಿಲ್ಲ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ, ಹಳೆಯ ಪ್ರತಿಯನ್ನೂ ಉಳಿಸಿಕೊಳ್ಳಿ.

ಸೊರಬದ ಹಿರಿಯ ಓದುಗರೊಬ್ಬರ ಪ್ರಶ್ನೆ: ನಮ್ಮ ಕಡೆಯ ಮಾತಿನಲ್ಲಿ ‘ಮಾರಾಯ’, ‘ಅಲ್ದಾ’, ‘ಮತ್ತೆಂತ’ ಎಂಬವು ಉಸಿರಿಗೊಮ್ಮೆ ಬರುತ್ತವೆ. ಒಂದೇ ಪದವನ್ನು ಎರಡು ಸಲ ಹೇಳುವುದೂ ನಮ್ಮ ರೂಢಿ. ಇವನ್ನೆಲ್ಲ ಅತಿಯೆಂದು ಕಳೆದರೆ ನಮ್ಮ ನುಡಿಯಲ್ಲಿ ಉಳಿಯುವುದೇನು?

ಉತ್ತರ: ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿದೆ. ಎರಡು ಸಲ ಹೇಳುವುದನ್ನು ಮೊದಲು ಬೇರ್ಪಡಿಸೋಣ. ‘ಸಣ್ಣ ಸಣ್ಣ ಹಳ್ಳ’, ‘ಬೇಗ ಬೇಗ ಬಾ’, ‘ಸುರಿದೂ ಸುರಿದೂ ಮಳೆ ನಿಂತಿತು’ ಎಂಬವು ವ್ಯಾಕರಣ ಒಪ್ಪಿದ ದ್ವಿರುಕ್ತಿಗಳು. ‘ಮನೆಮಠ’, ‘ಹುಳಹುಪ್ಪಟೆ’ ಎಂಬವು ಜೋಡುನುಡಿಗಳು. ಎರಡನೆಯ ಪದ ಅಲ್ಲಿ ಬಹುತ್ವವನ್ನೋ ಅವಸರವನ್ನೋ ಬೇಸರವನ್ನೋ ಹೇಳುತ್ತಿದೆ. ಒಂದನ್ನು ಕಳೆದು ‘ಸುರಿದು ಮಳೆ ನಿಂತಿತು’ ಎಂದರೆ ಆ ದಿನಗಳ ಬೇಸರವೆಲ್ಲ ಹೋಯಿತು. ಪತ್ರಿಕೆಗಳಲ್ಲಿ ತಿದ್ದುವವರು ಕೆಲವೊಮ್ಮೆ ಇವನ್ನು ಪುನರಾವರ್ತನೆಯೆಂದು ಬಗೆದು ಕತ್ತರಿಸುತ್ತಾರೆ, ಅದು ತಪ್ಪು.

‘ಮಾರಾಯ’ದ ಪ್ರಶ್ನೆ ಬೇರೆ. ನೀವು ಕಳುಹಿಸಿದ ಪ್ರಸಂಗದಲ್ಲಿ ಅಜ್ಜ, ಮೊಮ್ಮಗ, ಅಂಗಡಿಯವ, ಕೊನೆಗೆ ಕಥೆ ಹೇಳುವ ನಿರೂಪಕ, ನಾಲ್ವರೂ ‘ಮಾರಾಯ’ ಎನ್ನುತ್ತಾರೆ. ಸೊರಬದ ಪೇಟೆಯಲ್ಲಿ ಅದು ನಿಜವೇ ಇರಬಹುದು. ಆದರೆ ಕಿವಿಗೆ ದನಿಯ ಏರಿಳಿತ, ಮುಖಭಾವ, ನಡುವಿನ ಮೌನ ಎಲ್ಲವೂ ಒಟ್ಟಿಗೆ ಸಿಗುವುದರಿಂದ ಮಾತಿನಲ್ಲಿ ಹತ್ತು ಸಲ ಬಂದ ಪದ ಹೊರೆಯಾಗುವುದಿಲ್ಲ. ಕಾಗದದ ಮೇಲೆ ಪದವೊಂದೇ ಉಳಿಯುವುದರಿಂದ ನಾಲ್ವರ ದನಿಯೂ ಒಂದೇ ಆಗಿ ಕೇಳುತ್ತದೆ. ಅಜ್ಜನ ಬಾಯಲ್ಲಿ ಅದನ್ನು ಒಂದಕ್ಷರವೂ ಮುಟ್ಟದೆ ಬಿಡಿ. ಅಂಗಡಿಯವ ಸಾಲ ಕೇಳುವಾಗ ಒಮ್ಮೆ ಅಂದರೆ ಸಾಕು, ಆಗ ಅದರಲ್ಲಿ ಸಲಿಗೆಯೂ ಬೆದರಿಕೆಯೂ ಒಟ್ಟಿಗೆ ಇರುತ್ತವೆ. ಮೊಮ್ಮಗ ಬೆಂಗಳೂರಿನಲ್ಲಿ ಓದುತ್ತಿದ್ದಾನೆಂದು ನೀವೇ ಬರೆದಿರುವುದರಿಂದ, ಅವನು ಸಿಟ್ಟಾದಾಗ ಮಾತ್ರ ಆ ಪದ ಹೊರಬರಲಿ. ನಿರೂಪಕನಿಂದ ಪೂರ್ತಿ ತೆಗೆಯಿರಿ.